ಬೇಸಿಗೆ ಬಟ್ಟೆಗೆ ಎರಡು ಎಳೆಯ ಪರೀಕ್ಷೆ

ಕಲಬುರಗಿಯಲ್ಲಿ ಏಪ್ರಿಲ್ ಬಂತೆಂದರೆ ಬಿಸಿಲು 40 ಡಿಗ್ರಿ ದಾಟುತ್ತದೆ. ಆದರೂ ಅಂಗಡಿಯವರು ‘ಈ ಸಲದ ಟ್ರೆಂಡ್’ ಅಂತ ತೋರಿಸೋದು ಮೈಗೆ ಅಂಟುವ, ಹೊಳೆಯುವ ಬಟ್ಟೆನೇ! ಹೋದ ವರ್ಷ ‘ಪ್ಯೂರ್ ಕಾಟನ್’ ಎಂದದ್ದನ್ನು ನಂಬಿ ನಾನು ಎರಡು ಕುರ್ತಾ ತಂದೆ. ಮಧ್ಯಾಹ್ನ ಸೂಪರ್ ಮಾರ್ಕೆಟ್‌ಗೆ ಹೋಗಿ ಬರುವಷ್ಟರಲ್ಲಿ ಬೆನ್ನೆಲ್ಲ ಬೆವರುಸಾಲೆ.

ಈಗ ಮೀಟರ್ ಬಟ್ಟೆ ತಗೊಂಡರೆ ಅಂಚಿನಿಂದ ಎರಡು ಎಳೆ ಕಿತ್ತು ಸುಟ್ಟು ನೋಡುತ್ತೇನೆ. ಮನೆಯಲ್ಲಿ, ಸಿಂಕ್ ಮೇಲೆ, ಇಕ್ಕಳದಲ್ಲಿ ಹಿಡಿದು. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಮುಟ್ಟಿದರೆ ಉದುರುವ ಬೂದಿ. ಪಾಲಿಯೆಸ್ಟರ್ ಇದ್ದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ರೇಯಾನ್ ಕೂಡ ಹತ್ತಿಯಂತೆಯೇ ಉರಿಯುತ್ತದೆ, ಆ ವ್ಯತ್ಯಾಸ ಇದರಲ್ಲಿ ಗೊತ್ತಾಗಲ್ಲ. ಪರವಾಗಿಲ್ಲ, ಅದೂ ಬೆವರು ಹೀರುತ್ತದೆ. ಪಾಲಿಯೆಸ್ಟರ್ ಹೀರೋದು ತೀರಾ ಕಡಿಮೆ.

ಹತ್ತಿ ಬಟ್ಟೆ ಹೊಲಿಯಲು ಕೊಡುವ ಮೊದಲು ಒಂದು ರಾತ್ರಿ ನೀರಲ್ಲಿ ನೆನೆಸಿ ಒಣಗಿಸಿ. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಕುಗ್ಗುತ್ತದೆ. ಟೇಲರ್‌ಗೆ ಸ್ವಲ್ಪ ಸಡಿಲವಾಗಿ ಹೊಲಿಯಲು ಹೇಳಿ, ಗಾಳಿ ಆಡಬೇಕಲ್ವಾ?

ಸೀರೆ ಉಡುವವರಿಗೆ ನನ್ನ ಆಯ್ಕೆ ಹತ್ತಿಯ ಇಳಕಲ್. ಇಳಕಲ್ ಹೆಸರಲ್ಲೂ ಈಗ ಬೇರೆ ಬೇರೆ ನೂಲಿನದು ಬರುತ್ತದೆ, ಕೇಳಿಯೇ ತಗೊಳ್ಳಿ. ಅಕ್ಕ ಮಾತ್ರ ಮದುವೆ ಸೀಸನ್ನಿನಲ್ಲಿ ಸಿಂಥೆಟಿಕ್ ಸೀರೆ ಬಿಡಲ್ಲ. ಇಸ್ತ್ರಿ ಬೇಡವಂತೆ. ಅದೂ ನಿಜವೇ ಬಿಡಿ.