ಆರ್‌ಸಿ ಬುಕ್ ಇಲ್ಲದ ಫಿಯೆಟ್

ಕೊಪ್ಪದ ಕಡೆ ಒಬ್ಬ ಡಾಕ್ಟರ ಮನೆ ಕೊಟ್ಟಿಗೆಯಲ್ಲಿ ಹಳೇ ಫಿಯೆಟ್ ನಿಂತಿದೆ ಅಂತ ಸುದ್ದಿ ತಂದವನು ನಮ್ಮೂರ ವೆಲ್ಡರ್. ಅಡಿಕೆ ಸುಲಿಯುವ ಯಂತ್ರದ ರಿಪೇರಿಗೆ ಹೋಗಿದ್ದನಂತೆ. ಮರುದಿನವೇ ಹೋದೆ. ಮೇಲ್ಛಾವಣಿಯ ಮೇಲೆ ಅಡಿಕೆ ಹಾಳೆಗಳ ರಾಶಿ, ಹಿಂದಿನ ಸೀಟಿನಲ್ಲಿ ಇಲಿ ಸಂಸಾರ, ನಾಲ್ಕೂ ಟೈರು ನೆಲಕ್ಕೆ ಅಂಟಿದ್ದವು. ಆದರೆ ಬಾಗಿಲು ಎಳೆದ ತಕ್ಷಣ ತೆರೆದುಕೊಂಡಿತು, ಮುಚ್ಚಿದಾಗ 'ಟಕ್' ಅಂತ ಕೂತಿತು. ತುಕ್ಕು ಹಿಡಿದು ಬಾಡಿ ಕುಸಿದಿದ್ದರೆ ಬಾಗಿಲು ಹಾಗೆ ಕೂರುವುದಿಲ್ಲ. 1968ರ ಫಿಯೆಟ್ 1100 ಡಿ, ಮುಂಬೈನ ಕುರ್ಲಾದ ಪ್ರೀಮಿಯರ್ ಕಾರ್ಖಾನೆಯದ್ದು. ಇದೇ ಕಾರಿಗೆ ಪದ್ಮಿನಿ ಅನ್ನುವ ಹೆಸರು ಬರುವುದಕ್ಕೂ ಮುಂಚಿನದು. ನಂಬರ್ ಪ್ಲೇಟಿನಲ್ಲಿ 'ಎಂವೈ' ಅಂತ ಶುರುವಾಗುವ ಮೂರಕ್ಷರ, ಅಂದರೆ ನಮ್ಮ ರಾಜ್ಯಕ್ಕೆ ಇನ್ನೂ ಮೈಸೂರು ಅಂತಲೇ ಹೆಸರಿದ್ದ ಕಾಲದ ನೋಂದಣಿ. ಗಾಜಿನ ಒಳಗೆ 1994ರ ಟ್ಯಾಕ್ಸ್ ಟೋಕನ್ ಹಳದಿಯಾಗಿ ಅಂಟಿಕೊಂಡಿತ್ತು.

ಡಾಕ್ಟರು ತೀರಿಕೊಂಡಿದ್ದು 1995ರಲ್ಲಿ. ಮನೆಯಲ್ಲಿರುವವರು ಅವರ ದೊಡ್ಡ ಮಗಳು, ಎಪ್ಪತ್ತು ದಾಟಿದವರು. ಕಾರಿನ ಕೀ ಅಡುಗೆಮನೆಯ ಮೊಳೆಯಲ್ಲೇ ನೇತಾಡುತ್ತಿತ್ತು. ಆರ್‌ಸಿ, ಅಂದರೆ ನೋಂದಣಿ ಪುಸ್ತಕ ಎಲ್ಲಿ ಅಂದೆ. "ಅಪ್ಪನ ಬೀರುವಿನಲ್ಲಿತ್ತು. ಒಂದು ಮಳೆಗಾಲ ಗೆದ್ದಲು ಹತ್ತಿತು, ಬೀರುವನ್ನೇ ಸುಟ್ಟೆವು" ಅಂದರು. ಆರ್‌ಸಿ ಇಲ್ಲ, ಇನ್ಶೂರೆನ್ಸ್ ಇಲ್ಲ, ಟ್ಯಾಕ್ಸ್ ಕಾರ್ಡ್ ಇಲ್ಲ. ಇದ್ದದ್ದು ಕೀ ಒಂದೇ.

ಇಲ್ಲಿ ನನ್ನ ಹಳೇ ಗಾಯದ ಕಥೆ ಹೇಳಲೇಬೇಕು. 2009ರಲ್ಲಿ ಒಬ್ಬ ಬ್ರೋಕರ್ ಹತ್ತಿರ 38 ಸಾವಿರ ಕೊಟ್ಟು ಒಂದು ಅಂಬಾಸಿಡರ್ ತಂದಿದ್ದೆ. "ಪೇಪರ್ ಒಂದು ವಾರದಲ್ಲಿ ಕೈಗೆ ಕೊಡ್ತೀನಿ ಸಾರ್" ಅಂದಿದ್ದ. ಆ ವಾರ ಇನ್ನೂ ಮುಗಿದಿಲ್ಲ. ಆರು ತಿಂಗಳು ಓಡಾಡಿದ ಮೇಲೆ ಗೊತ್ತಾಗಿದ್ದು ಏನೆಂದರೆ, ಪ್ಲೇಟಿನ ಮೇಲಿದ್ದ ನಂಬರಿನ ಗಾಡಿ ದಾಖಲೆಯಲ್ಲಿ ಯಾವತ್ತೋ ರದ್ದಾಗಿದೆ. ನನ್ನ ಮನೆ ಮುಂದೆ ನಿಂತಿದ್ದು ಯಾವ ಗಾಡಿಯೋ, ಅದರ ನಿಜವಾದ ನಂಬರ್ ಯಾವುದೋ ದೇವರಿಗೇ ಗೊತ್ತು. ಕೊನೆಗೆ ಮೂರು ವರ್ಷ ಕೋಳಿ ಗೂಡಾಗಿ, ಕೆಜಿ ಲೆಕ್ಕದಲ್ಲಿ ಗುಜರಿಗೆ ಹೋಯಿತು.

ಹಾಗಾಗಿ ಈ ಸಲ ದುಡ್ಡನ್ನು ಕೊನೆಗೆ ಇಟ್ಟುಕೊಂಡೆ. ಕಾರಿಗೆ 1 ಲಕ್ಷ 20 ಸಾವಿರ ಅಂತ ಮಾತಾಯಿತು. ಛಾಪಾ ಕಾಗದದಲ್ಲಿ ಕರಾರು ಬರೆಸಿ, ಮುಂಗಡ 5 ಸಾವಿರ ಮಾತ್ರ ಕೊಟ್ಟೆ. ಆರ್‌ಟಿಓ ದಾಖಲೆಯ ಚಾಸಿ ನಂಬರಿಗೂ ಗಾಡಿಯ ಮೇಲಿನ ನಂಬರಿಗೂ ತಾಳೆಯಾಗದಿದ್ದರೆ ಮುಂಗಡ ವಾಪಸ್, ಗಾಡಿ ಅಲ್ಲೇ. ತಾಳೆಯಾದರೆ ವಾರಸುದಾರರೆಲ್ಲ ಸಹಿ ಹಾಕಿದ ದಿನ ಅರ್ಧ, ಆರ್‌ಸಿ ನನ್ನ ಹೆಸರಿಗೆ ಬಂದ ದಿನ ಉಳಿದರ್ಧ. ಸಹಿಗಳು ಆಗುವವರೆಗೆ ಗಾಡಿಯ ರಿಪೇರಿಗೆ ನಾನು ಕೈ ಹಾಕುವುದಿಲ್ಲ. ಗೆಳೆಯರು ನಕ್ಕರು, ತುಕ್ಕು ಹಿಡಿದ ಫಿಯೆಟ್‌ಗೆ ಸೈಟಿನ ಕರಾರು ಮಾಡಿದ ಹಾಗೆ ಮಾಡ್ತೀಯಲ್ಲೋ ಅಂತ.

ಮೊದಲ ಕೆಲಸ ನಂಬರ್ ಓದುವುದು. ಲಾರಿಗಾದರೆ ಬೇರೆಯೇ ಚಾಸಿ ಇರುತ್ತದೆ, ಉದ್ದನೆಯ ಉಕ್ಕಿನ ತೊಲೆ, ಅದರ ಮೇಲೆ ಹೊಡೆದ ನಂಬರ್. ಫಿಯೆಟ್‌ಗೆ ಬಾಡಿಯೇ ಚಾಸಿ. 'ಚಾಸಿ ನಂಬರ್' ಅನ್ನುವುದು ಬಾನೆಟ್ ಎತ್ತಿದರೆ ಇಂಜಿನ್ ಹಿಂದೆ ಕಾಣುವ ತಗಡಿನ ಗೋಡೆಯ ಮೇಲೆ ಇರುತ್ತದೆ. ಆ ಗೋಡೆಗೆ ತುಕ್ಕು ಹತ್ತಿದರೆ, ಅಥವಾ ಯಾವುದೋ ಗ್ಯಾರೇಜಿನವನು ಅದನ್ನು ಕತ್ತರಿಸಿ ಹೊಸ ತಗಡು ಬೆಸೆದಿದ್ದರೆ, ಗಾಡಿಯ ಗುರುತೇ ಹೋಯಿತು. ಹಳೇ ಫಿಯೆಟ್ ನೋಡಲು ಹೋದವರು ಸಾಮಾನ್ಯವಾಗಿ ಫ್ಲೋರ್ ತಗಡು ತಟ್ಟಿ ನೋಡುತ್ತಾರೆ. ಫ್ಲೋರ್ ಹೋದರೆ ಹೊಸದು ಹಾಕಬಹುದು. ನಾನು ನೇರ ಬಾನೆಟ್ ಒಳಗೆ ಟಾರ್ಚ್ ಬಿಟ್ಟೆ.

ಮೂವತ್ತು ವರ್ಷದ ಧೂಳು, ಎಣ್ಣೆ, ಜೇಡರ ಬಲೆ ಸೇರಿ ಗಟ್ಟಿ ಪದರವಾಗಿತ್ತು. ಸ್ಯಾಂಡ್ ಪೇಪರ್ ತೆಗೆದ ವೆಲ್ಡರನ ಕೈ ಹಿಡಿದು ನಿಲ್ಲಿಸಿದೆ. ಉಜ್ಜಿದ ಗೀರು ಬಿದ್ದರೆ ನಾಳೆ ಆರ್‌ಟಿಓ ಇನ್‌ಸ್ಪೆಕ್ಟರ್‌ಗೆ ಅದು ನಂಬರ್ ತಿದ್ದಿದ ಹಾಗೆ ಕಾಣುತ್ತದೆ. ಸೀಮೆಎಣ್ಣೆಯಲ್ಲಿ ನೆನೆಸಿದ ಬಟ್ಟೆ ಅರ್ಧ ಗಂಟೆ ಅಲ್ಲೇ ಹೊದಿಸಿಟ್ಟು, ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಮೆಲ್ಲಗೆ ಒರೆಸಿದೆವು. ಒಂದೊಂದೇ ಅಂಕಿ ಎದ್ದು ಬಂತು. ಆಮೇಲೆ ಬಟರ್ ಪೇಪರ್ ಇಟ್ಟು, ಪೆನ್ಸಿಲನ್ನು ಅಡ್ಡ ಮಲಗಿಸಿ ತಿಕ್ಕಿದೆ. ನಾಲ್ಕು ಪ್ರಿಂಟ್ ತೆಗೆದೆ. ಮೂರರಲ್ಲಿ ಕೊನೆಯಿಂದ ಎರಡನೇ ಅಂಕಿ 3ರ ಹಾಗೆ ಕಂಡಿತು, ಒಂದರಲ್ಲಿ 8ರ ಹಾಗೆ. ಎಡಗಡೆಯ ಬಾಗು ತುಕ್ಕಿನಲ್ಲಿ ಸವೆದಿತ್ತು. ಆ ಒಂದು ಅಂಕಿ ನನ್ನ ಎರಡು ತಿಂಗಳು ತಿಂದಿತು.

ಮುಂದೆ ಬಿ ಎಕ್ಸ್‌ಟ್ರಾಕ್ಟ್. ಗಾಡಿಯ ಜಾತಕ ಅಂದರೆ ಇದೇ: ಆರ್‌ಟಿಓ ರಿಜಿಸ್ಟರಿನಲ್ಲಿ ಆ ನಂಬರಿಗೆ ಏನೇನು ಬರೆದಿದೆಯೋ ಅದರ ದೃಢೀಕೃತ ಪ್ರತಿ. ಆರ್‌ಸಿ ಬುಕ್ ಮಾಲೀಕನ ಹತ್ತಿರದ ನಕಲು ಅಷ್ಟೇ, ಅಸಲು ಇರುವುದು ಈ ರಿಜಿಸ್ಟರಿನಲ್ಲಿ. ಪುಸ್ತಕ ಕಳೆದ ಗಾಡಿಗೆ ಮದ್ದಿದೆ, ರಿಜಿಸ್ಟರಿನಲ್ಲೇ ಇಲ್ಲದ ಗಾಡಿಗೆ ಇಲ್ಲ. ಫೋನಿನಲ್ಲಿ ನಂಬರ್ ಹಾಕಿ ನೋಡಿದರೆ ಆ ಕಾಲದ ಗಾಡಿಗಳು ಸಿಗುವುದು ಅಪರೂಪ, ಹಳೇ ಮೂರಕ್ಷರದ ಸರಣಿಗಳು ಎಷ್ಟೋ ಕಂಪ್ಯೂಟರಿಗೆ ಏರಿಲ್ಲ. "ದಾಖಲೆ ಸಿಗಲಿಲ್ಲ" ಅಂತ ಪರದೆ ಹೇಳಿದರೆ ಗಾಬರಿ ಬೇಡ. ಗಾಡಿ ಮೊದಲು ನೋಂದಣಿಯಾದ ಕಚೇರಿಗೇ ಹೋಗಿ, ಪುಸ್ತಕ ತೆಗೆಸಬೇಕು.

ಡಾಕ್ಟರ ಮಗಳ ಸಹಿಯಲ್ಲೇ ಅರ್ಜಿ ಹಾಕಿಸಿದೆ, ಮರಣ ಪ್ರಮಾಣಪತ್ರದ ಪ್ರತಿ ಲಗತ್ತಿಸಿ. ಕೊಳ್ಳುವವನು ಅರ್ಜಿ ಹಾಕಿದರೆ "ನೀವ್ಯಾರು?" ಅನ್ನುವ ಪ್ರಶ್ನೆಯಲ್ಲೇ ಕೆಲಸ ನಿಲ್ಲುತ್ತದೆ. ರೆಕಾರ್ಡ್ ರೂಮಿನ ಹಿರಿಯರೊಬ್ಬರು, ನಿವೃತ್ತಿಗೆ ಹತ್ತಿರ ಬಂದವರು, ಮೂರನೇ ಭೇಟಿಯಲ್ಲಿ ಕೆಂಪು ಬಟ್ಟೆಯ ಗಂಟು ಬಿಚ್ಚಿ ತೋರಿಸಿದರು. ನೀಲಿ ಶಾಯಿ, ಓರೆ ಅಕ್ಷರ. ಮೊದಲ ಮಾಲೀಕ ಒಬ್ಬ ಕಂಟ್ರಾಕ್ಟರ್, 1976ರಲ್ಲಿ ಡಾಕ್ಟರ ಹೆಸರಿಗೆ ವರ್ಗಾವಣೆ. ಬಣ್ಣ ಬೂದು. ಈಗಿರುವುದು ಕೆನೆ ಬಣ್ಣ. ಚಾಸಿ ನಂಬರಿನ ಆ ಅಂಕಿ? ಬರೆದವರ ಕೈಯಲ್ಲಿ 3 ಮತ್ತು 8 ಅವಳಿ ಮಕ್ಕಳು. ಅವರೂ ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು. ಆಮೇಲೆ ಒಂದು ಉಪಾಯ ಹೊಳೆಯಿತು ಅವರಿಗೇ: ಅದೇ ಪುಟದಲ್ಲಿ ಅದೇ ಕೈ ಬರೆದ ಬೇರೆ ಗಾಡಿಗಳ 8 ಹೇಗಿದೆ ನೋಡೋಣ. 8ಕ್ಕೆ ಆ ಗುಮಾಸ್ತ ತಲೆಯ ಮೇಲೆ ಒಂದು ಸಣ್ಣ ಬಾಲ ಬಿಡುತ್ತಿದ್ದ. ನಮ್ಮದರಲ್ಲಿ ಬಾಲ ಇತ್ತು. ನಾನು ತಿರುಗಿ ಹೋಗಿ, ಭೂತಗನ್ನಡಿ ಹಿಡಿದು, ಬೆಳಕನ್ನು ಪಕ್ಕದಿಂದ ಓರೆಯಾಗಿ ಬಿಟ್ಟು ನೋಡಿದೆ. 8ರ ಎಡ ಹೊಟ್ಟೆಯ ನೆರಳು ಸಿಕ್ಕಿತು. ಆ ಓರೆ ಬೆಳಕಿನ ಫೋಟೋವೇ ಮುಂದೆ ಇನ್‌ಸ್ಪೆಕ್ಟರ್ ಮುಂದೆ ನನ್ನನ್ನು ಉಳಿಸಿದ್ದು.

ಇಂಜಿನ್ ನಂಬರ್ ಮಾತ್ರ ಪೂರ್ತಿ ಬೇರೆಯೇ. 3-8ರ ತಕರಾರಲ್ಲ, ಒಂದು ಅಂಕಿಯೂ ಹೊಂದುವುದಿಲ್ಲ.

ಹಳೇ ಫಿಯೆಟ್‌ಗಳಲ್ಲಿ ಇದು ಮಾಮೂಲು. 1089 ಸಿಸಿ ಇಂಜಿನ್ ರೀಬೋರ್ ಮಾಡಿಸಿ, ಅಂದರೆ ಸಿಲಿಂಡರಿನ ಒಳಗೋಡೆ ಕೊರೆಸಿ ಕೊರೆಸಿ ಅದು ತೆಳುವಾದಾಗ, ಬೇರೆ ಗಾಡಿಯದ್ದನ್ನು ಎತ್ತಿ ಕೂರಿಸುತ್ತಿದ್ದರು. ಆರ್‌ಟಿಓಗೆ ಹೇಳುವ ಗೋಜಿಗೆ ಯಾರೂ ಹೋಗುತ್ತಿರಲಿಲ್ಲ. ನನಗೆ ಪರಿಚಯದ ಒಬ್ಬ ಮೆಕ್ಯಾನಿಕ್ ಟೀ ಕುಡಿಯುತ್ತಲೇ ಪರಿಹಾರ ಕೊಟ್ಟ: "ಹಳೇ ನಂಬರ್ ಗ್ರೈಂಡ್ ಮಾಡಿ, ಬುಕ್ಕಲ್ಲಿರೋ ನಂಬರ್ ಪಂಚ್ ಮಾಡಿಸಿಬಿಡೋಣ, ಎರಡು ಸಾವಿರ." ಎರಡು ಸಾವಿರಕ್ಕೆ ಕ್ರಿಮಿನಲ್ ಕೇಸು ಅಗ್ಗವೇ ಸರಿ. ಅಲ್ಲದೆ ನಂಬರ್ ತಿದ್ದಿದ ಇಂಜಿನ್ ಒಮ್ಮೆ ಕಣ್ಣಿಗೆ ಬಿದ್ದರೆ, ಸರಿಯಾಗಿರುವ ಚಾಸಿ ನಂಬರನ್ನೂ ಯಾರೂ ನಂಬುವುದಿಲ್ಲ.

ಸರಿಯಾದ ದಾರಿ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಗಾಡಿಯಲ್ಲಿ ಮಾಡಿದ ಮಾರ್ಪಾಡನ್ನು ನೋಂದಣಿ ಪ್ರಾಧಿಕಾರದಲ್ಲಿ ದಾಖಲು ಮಾಡಿಸಬೇಕು. ಅದಕ್ಕೆ ಆ ಇಂಜಿನ್ ಎಲ್ಲಿಂದ ಬಂತು ಅನ್ನುವುದಕ್ಕೆ ಪುರಾವೆ ಬೇಕು. ನಾನು ಆಸೆ ಬಿಟ್ಟಿದ್ದೆ. ಆದರೆ ಡಾಕ್ಟರು ರಸೀದಿ ಎಸೆಯದ ಜಾತಿಯವರು. ಬೀರು ಸುಟ್ಟರೂ ಔಷಧಿ ಕಂಪನಿಯ ಒಂದು ತಗಡಿನ ಡಬ್ಬ ಅಟ್ಟದ ಮೇಲೆ ಉಳಿದಿತ್ತು. ಕರೆಂಟ್ ಬಿಲ್ಲು, ಗೊಬ್ಬರದ ಚೀಟಿಗಳ ನಡುವೆ 1983ರ ಒಂದು ಕ್ಯಾಶ್ ಬಿಲ್, ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯದ್ದು: 'ಹಳೆಯ ಫಿಯೆಟ್ ಇಂಜಿನ್ ಒಂದು', ಪಕ್ಕದಲ್ಲಿ ನಂಬರ್. ಗಾಡಿಯಲ್ಲಿರುವ ಇಂಜಿನ್ನಿನ ಮೇಲಿನ ನಂಬರೇ. ಡಾಕ್ಟರ ಮಗಳು, ಆ ಅಮ್ಮ, ಡಬ್ಬವನ್ನು ನನ್ನ ಕೈಗೆ ಕೊಡುವಾಗ, "ಇದನ್ನೂ ಸುಡಬೇಕು ಅಂತಿದ್ದೆ, ಬೆಂಕಿಪೆಟ್ಟಿಗೆ ಸಿಗಲಿಲ್ಲ" ಅಂದರು. ತಮಾಷೆಯೋ ನಿಜವೋ ಇವತ್ತಿಗೂ ತಿಳಿದಿಲ್ಲ.

ಇನ್ನು ಸಹಿಗಳು. ಸತ್ತವರ ಹೆಸರಿನಿಂದ ನೇರ ನನ್ನ ಹೆಸರಿಗೆ ಬರುವುದಿಲ್ಲ. ಮೊದಲು ವಾರಸುದಾರರೊಬ್ಬರ ಹೆಸರಿಗೆ ಫಾರಂ 31ರಲ್ಲಿ ವರ್ಗಾವಣೆ, ಅಲ್ಲಿಂದ ಫಾರಂ 29 ಮತ್ತು 30ರಲ್ಲಿ ನನಗೆ. ಮಾಲೀಕ ತೀರಿಕೊಂಡ 30 ದಿನದೊಳಗೆ ತಿಳಿಸಬೇಕು ಅನ್ನುತ್ತದೆ ಕಾನೂನು, ನಾವು ಇಪ್ಪತ್ತೆಂಟು ವರ್ಷ ತಡ. ನಾಡಕಚೇರಿಯಿಂದ ವಂಶವೃಕ್ಷ ಮಾಡಿಸಿದೆವು. ಮಕ್ಕಳು ನಾಲ್ವರು: ಅಮ್ಮ ಇಲ್ಲಿ, ತಮ್ಮ ಹುಬ್ಬಳ್ಳಿಯಲ್ಲಿ, ತಂಗಿ ತೀರಿಕೊಂಡು ಅವಳ ಮಗ ಮಂಗಳೂರಿನಲ್ಲಿ, ಕೊನೆಯವರು ನ್ಯೂಜೆರ್ಸಿಯಲ್ಲಿ. ನ್ಯೂಜೆರ್ಸಿಯವರು ಎಲ್ಲರಿಗಿಂತ ಬೇಗ ಕಳಿಸಿದರು, ಅಲ್ಲೇ ನೋಟರಿ ಮಾಡಿಸಿ, ಪರದೇಶದ ಕಾಗದ ಇಲ್ಲಿ ನಡೆಯಲು ಬೇಕಾದ ಅಪೊಸ್ಟೀಲ್ ಮುದ್ರೆ ಹಾಕಿಸಿ. ತಡ ಮಾಡಿದ್ದು ಮಂಗಳೂರಿನ ಹುಡುಗ. ಮುಂಬೈನಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರ್ 30ಕ್ಕೆ ರಸ್ತೆ ಬಿಟ್ಟಿತು ಅನ್ನುವ ಸುದ್ದಿ ನೋಡಿದವನಿಗೆ ತಾತನ ಕಾರು ಇದ್ದಕ್ಕಿದ್ದಂತೆ ಮೂರು ಲಕ್ಷದ್ದಾಗಿ ಕಂಡಿತ್ತು. ಕರಾರು ಪತ್ರ ಕೆಲಸಕ್ಕೆ ಬಂದಿದ್ದು ಆಗ. ಅದಕ್ಕಿಂತ ಹೆಚ್ಚಾಗಿ, ಅಮ್ಮ ಫೋನ್ ಮಾಡಿ ಎರಡೇ ಮಾತು ಆಡಿದ್ದು.

ಉಳಿದದ್ದು ಸುತ್ತಾಟ. ಆರ್‌ಸಿ ಕಳೆದ ಬಗ್ಗೆ ಪೊಲೀಸ್ ಸ್ವೀಕೃತಿ, ನಕಲು ಆರ್‌ಸಿಗೆ ಫಾರಂ 26. ಗಾಡಿ ಕಳವಿನ ಪಟ್ಟಿಯಲ್ಲಿಲ್ಲ ಅನ್ನುವುದಕ್ಕೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ, ಅಂದರೆ ಎನ್‌ಸಿಆರ್‌ಬಿಯ ವರದಿ. ಇದಕ್ಕೆ ಚಾಸಿ ನಂಬರಿನ ಜೊತೆ ಇಂಜಿನ್ನಿನ ಎರಡೂ ನಂಬರ್ ಹಾಕಿ ನೋಡಿ, ಹಳೆಯದು ಮತ್ತು ಈಗಿನದು. ಆಮೇಲೆ ಒಂದು ಬಗೆಯ ಕೋಳಿ-ಮೊಟ್ಟೆ ಆಟ ಶುರುವಾಗುತ್ತದೆ. ನೋಂದಣಿ ನವೀಕರಣಕ್ಕೆ ಇನ್ಶೂರೆನ್ಸ್ ಬೇಕು, ಇನ್ಶೂರೆನ್ಸಿಗೆ ಆರ್‌ಸಿ ಬೇಕು. ಹೊಗೆ ತಪಾಸಣೆಯವನ ಕಂಪ್ಯೂಟರಿಗೆ ನಂಬರೇ ಗೊತ್ತಿಲ್ಲ. ಗಂಟು ಬಿಚ್ಚಿದ್ದು ಬ್ಯಾಕ್‌ಲಾಗ್ ಎಂಟ್ರಿ, ಅಂದರೆ ಹಳೇ ರಿಜಿಸ್ಟರಿನ ವಿವರವನ್ನು ಆರ್‌ಟಿಓಗಳ ವಾಹನ್ ತಂತ್ರಾಂಶಕ್ಕೆ ಸೇರಿಸುವುದು. ಬೇರೇನೂ ಮಾಡುವ ಮೊದಲು ಇದನ್ನು ಮಾಡಿಸಿಕೊಳ್ಳಬೇಕಿತ್ತು; ಗೊತ್ತಿಲ್ಲದೆ ನಾಲ್ಕು ಸಲ ಅನ್ಯಾಯವಾಗಿ ಬಸ್ ಹತ್ತಿದೆ. ಎಂಟ್ರಿ ಆಗುವ ದಿನ ಪಕ್ಕದಲ್ಲೇ ನಿಂತು ಅಂಕಿಗಳನ್ನು ಗಟ್ಟಿಯಾಗಿ ಓದಿ ಹೇಳಿದೆ, "ಎಂಟು, ಮೂರಲ್ಲ" ಅಂತ.

ವಿಂಟೇಜ್ ನೋಂದಣಿ ಮಾಡಿಸಬಹುದಲ್ಲ ಅಂತ ಹಲವರು ಕೇಳಿದರು. 2021ರ ಜುಲೈನಲ್ಲಿ ಬಂದ ಕೇಂದ್ರದ ನಿಯಮ ಅದು: 50 ವರ್ಷ ದಾಟಿದ, ಹೆಚ್ಚು ಮಾರ್ಪಾಡಾಗದ ಗಾಡಿಗೆ, ಹೊಸ ನೋಂದಣಿಯಾದರೆ 20 ಸಾವಿರ ಶುಲ್ಕ, 10 ವರ್ಷದ ಅವಧಿ. ಈಗಾಗಲೇ ನಂಬರ್ ಇರುವ ಗಾಡಿ ತನ್ನ ಹಳೇ ನಂಬರನ್ನೇ ಉಳಿಸಿಕೊಳ್ಳಬಹುದು. ಆದರೆ ಅಂಥ ಗಾಡಿಯನ್ನು ರ‍್ಯಾಲಿ, ಪ್ರದರ್ಶನ, ಪೆಟ್ರೋಲ್, ರಿಪೇರಿಗೆ ಬಿಟ್ಟರೆ ರಸ್ತೆಗೆ ತರುವಂತಿಲ್ಲ. ನನಗೆ ಭಾನುವಾರ ಸಂತೆಗೆ ಹೋಗಲು ಕಾರು ಬೇಕು. ಹಾಗಾಗಿ ಫಾರಂ 25ರ ಮಾಮೂಲಿ ನವೀಕರಣವನ್ನೇ ಆರಿಸಿದೆ, 5 ವರ್ಷಕ್ಕೊಮ್ಮೆ ಮತ್ತೆ ಮಾಡಿಸಬೇಕು. ಗ್ಯಾರೇಜಿನಲ್ಲಿ ಹೊದಿಸಿಟ್ಟು ನೋಡಿ ಖುಷಿಪಡುವವರಿಗೆ ವಿಂಟೇಜೇ ಸರಿ.

ತಪಾಸಣೆಗೆ ಗಾಡಿಯನ್ನು ಟೋ ಮಾಡಿಸಿ ಒಯ್ದೆ. ಬ್ರೇಕು, ಲೈಟು, ವೈಪರು, ಹಾರನ್ನು ಅಷ್ಟೊತ್ತಿಗೆ ಆಗಿದ್ದವು, ವಾರಸುದಾರರ ಸಹಿ ಮುಗಿದ ಮೇಲೆ ಅರ್ಧ ದುಡ್ಡು ಕೊಟ್ಟು ಕೆಲಸ ಶುರು ಮಾಡಿದ್ದೆ. ಇನ್‌ಸ್ಪೆಕ್ಟರ್ ಚಿಕ್ಕ ವಯಸ್ಸಿನವರು. ಸ್ಟೀರಿಂಗ್ ಪಕ್ಕದ ಗೇರ್ ಕಡ್ಡಿಯನ್ನು ಇಂಡಿಕೇಟರ್ ಅಂದುಕೊಂಡು ಒತ್ತಿದರು. ಆಮೇಲೆ ಗಂಭೀರವಾಗಿ ಬಾನೆಟ್ ಒಳಗೆ ತಲೆ ಹಾಕಿದರು. ನನ್ನ ಬಟರ್ ಪೇಪರ್ ಪ್ರಿಂಟನ್ನು ತೆಗೆದುಕೊಳ್ಳದೆ ತಾವೇ ಹೊಸದಾಗಿ ಒಂದು ತೆಗೆದರು, ಅದೂ 3ರ ಹಾಗೇ ಬಂತು. ಓರೆ ಬೆಳಕಿನ ಫೋಟೋ ತೋರಿಸಿದೆ. ಅವರು ತಮ್ಮ ಮೊಬೈಲ್ ಟಾರ್ಚನ್ನೇ ಪಕ್ಕದಿಂದ ಹಿಡಿದು, ಬಗ್ಗಿ, ಬಹಳ ಹೊತ್ತು ನೋಡಿದರು. "ಎಂಟು" ಅಂದರು.

ಇಂಜಿನ್ ಬದಲಾವಣೆಗೆ 1983ರ ಬಿಲ್ಲು, ಅಮ್ಮನ ಅಫಿಡವಿಟ್, ಎನ್‌ಸಿಆರ್‌ಬಿ ವರದಿ ಸಾಕಾದವು. ಬಣ್ಣದ ಬದಲಾವಣೆಯನ್ನೂ ಅದೇ ಉಸಿರಿನಲ್ಲಿ ದಾಖಲಿಸಿದರು. ಕರಾರಿನ ದಿನದಿಂದ ಲೆಕ್ಕ ಹಾಕಿದರೆ ಹನ್ನೊಂದು ತಿಂಗಳು. ಶುಲ್ಕ, ದಂಡ, ನೋಟರಿ, ಓಡಾಟ ಎಲ್ಲ ಸೇರಿ ಕಾಗದಕ್ಕೆ 31 ಸಾವಿರ ಚಿಲ್ಲರೆ ಖರ್ಚಾಯಿತು. ಏಜೆಂಟರಿಗೆ ಕೊಟ್ಟಿದ್ದು ಅದರಲ್ಲಿ 4 ಸಾವಿರ, ಫಾರಂ ತುಂಬಿಸಲಿಕ್ಕೆ ಮಾತ್ರ.

ಆರ್‌ಸಿ ಕಾರ್ಡ್ ಸ್ಪೀಡ್ ಪೋಸ್ಟಿನಲ್ಲಿ ಬಂದ ದಿನ ಉಳಿದ ದುಡ್ಡು ತೆಗೆದುಕೊಂಡು ಕೊಪ್ಪಕ್ಕೆ ಹೋದೆ, ಅದೇ ಫಿಯೆಟ್‌ನಲ್ಲಿ. ಅಮ್ಮ ಕನ್ನಡಕ ಹಾಕಿಕೊಂಡು ಕಾರ್ಡನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. 'ಆಸನ ಸಂಖ್ಯೆ 5' ಅನ್ನುವಲ್ಲಿ ಬೆರಳಿಟ್ಟು ನಿಂತರು.

"ಇದು ತಪ್ಪು" ಅಂದರು. "ಧರ್ಮಸ್ಥಳಕ್ಕೆ ಒಂಬತ್ತು ಜನ ಹೋಗ್ತಿದ್ವಿ."