ಅತಿಥಿ ಬೇಡ, ಮೈಕ್ ಬೇಡ: ಜಗಲಿಯಲ್ಲಿ ಕಾರಂತರನ್ನು ಓದಿಸಿದ ನನ್ನ ಅನುಭವ

ಭಾಷಣಕ್ಕೆ ಒಬ್ಬರಾದರೂ ಇಲ್ಲದಿದ್ದರೆ ಜನ ಬರುವುದಿಲ್ಲ ಎಂದು ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಬದಿಯಡ್ಕ, ಪೆರ್ಲ ಕಡೆಯಲ್ಲಿ ನನಗೆ ಹೇಳದವರಿಲ್ಲ. ಈಗ ಎರಡು ವರ್ಷ ಮೇಲಾಯಿತು, ಶಿವರಾಮ ಕಾರಂತರ ಕಾದಂಬರಿಗಳ ಓದುಕೂಟ ತಿಂಗಳಿಗೊಮ್ಮೆ ಮನೆಯ ಜಗಲಿಯಲ್ಲಿ ನಡೆಯುತ್ತಿದೆ. ಹದಿನೈದಿಪ್ಪತ್ತು ಮಂದಿ ಸೇರುತ್ತಾರೆ, ಜೋರು ಮಳೆಯಿದ್ದರೆ ಎಂಟು ಹತ್ತು. ಹಾಗೆ ಹೇಳಿದವರಲ್ಲೇ ಇಬ್ಬರು ಈಗ ನನಗಿಂತ ಮೊದಲು ಬಂದು ಚಾಪೆ ಹಾಸುತ್ತಾರೆ. ಇಂಥ ಕೂಟ ನಡೆಸುವ ನಾಲ್ಕೈದು ಮಂದಿ ಹೇಗೆ ನಡೆಸುತ್ತೀರಿ ಎಂದು ಕೇಳಿದ್ದರಿಂದ ಬರೆಯುತ್ತಿದ್ದೇನೆ.

ಮೊದಲು ದುಡ್ಡು ಹೋದ ಕಥೆ. ಹಾಲ್ ಬಾಡಿಗೆ, ಮೈಕ್, ಅತಿಥಿಗಳ ಕಾರು, ಶಾಲು, ಸ್ಮರಣಿಕೆ, ಆಮಂತ್ರಣ ಪತ್ರಿಕೆ, ಉಪಾಹಾರ ಎಲ್ಲ ಸೇರಿ ಒಂದು ಕಾರ್ಯಕ್ರಮಕ್ಕೆ ಏಳೆಂಟು ಸಾವಿರ. ಅತಿಥಿಗಳು ಹೇಳಿದ್ದೇನು? 1902ರಲ್ಲಿ ಕೋಟದಲ್ಲಿ ಜನನ, ಪುತ್ತೂರಿನ ಬಾಲವನ, ಯಕ್ಷಗಾನ, ‘ಮೂಕಜ್ಜಿಯ ಕನಸುಗಳು’ ಕಾದಂಬರಿಗೆ ಜ್ಞಾನಪೀಠ. ಇದನ್ನೆಲ್ಲ ನಾವು ಶಾಲೆಯಲ್ಲೇ ಬಾಯಿಪಾಠ ಮಾಡಿದವರು. ‘ಪ್ರಶ್ನೆಗಳಿದ್ದರೆ ಕೇಳಿ’ ಎಂದಾಗ ಸಭೆ ಇಡೀ ಚಾದ ಪಾತ್ರೆಯ ಕಡೆ ನೋಡಿತು.

ಆಮೇಲೆ ‘ಮರಳಿ ಮಣ್ಣಿಗೆ’ಯ ಪ್ರತಿಗಳನ್ನು ತರಿಸಿ ಹಂಚಿದೆವು, ಓದಿಕೊಂಡು ಬನ್ನಿ ಎಂದು. ಎರಡು ಸಾವಿರದ ಹತ್ತಿರ ಖರ್ಚು. ಮೂರು ತಲೆಮಾರಿನ ದಪ್ಪ ಕಾದಂಬರಿ, ಅಡಕೆ ಕೊಯ್ಲಿನ ಸಮಯ ಬೇರೆ. ಪೂರ್ತಿ ಓದಿದವರು ಮೂವರು, ಅರ್ಧ ಪುಸ್ತಕಗಳು ಇವತ್ತಿಗೂ ವಾಪಸು ಬಂದಿಲ್ಲ.

ಕೊನೆಗೆ ಕೈಹಿಡಿದದ್ದು ಗಟ್ಟಿಯಾಗಿ ಓದುವುದು. ನಮ್ಮಲ್ಲಿ ಇದಕ್ಕೆ ಬಲವಾದ ಕಾರಣವೂ ಇದೆ. ಮನೆಯಲ್ಲಿ ತುಳು, ಹವ್ಯಕ ಕನ್ನಡ, ಕೊಂಕಣಿ, ಮರಾಠಿ. ಮಕ್ಕಳು ಕಲಿತದ್ದು ಮಲಯಾಳಂ ಅಥವಾ ಇಂಗ್ಲಿಷ್ ಮಾಧ್ಯಮದಲ್ಲಿ. ಕನ್ನಡ ಪುಟ ಕೊಟ್ಟರೆ ತಡವರಿಸುವ ಹುಡುಗರು ಕಿವಿಗೆ ಬಿದ್ದರೆ ಒಂದು ಮಾತೂ ಬಿಡದೆ ಹಿಡಿಯುತ್ತಾರೆ. ಒಂದು ಸಲಕ್ಕೆ ಎಂಟು ಹತ್ತು ಪುಟ, ಸರದಿಯಲ್ಲಿ. ಚರ್ಚೆ ಯಾವ ಭಾಷೆಯಲ್ಲೂ ಆಗಬಹುದು. ಜಗಳ ಬಿಸಿಯಾದರೆ ಅದು ಹೇಗೂ ತುಳುವಿಗೆ ಹೊರಳುತ್ತದೆ.

‘ಲೇಖಕರು ಏನು ಹೇಳಲು ಹೊರಟಿದ್ದಾರೆ’ ಎಂಬ ಪ್ರಶ್ನೆಗೆ ನಮ್ಮಲ್ಲಿ ನಿಷೇಧ. ‘ಬೆಟ್ಟದ ಜೀವ’ ಓದುವಾಗ ನಾನು ಕೇಳಿದ್ದು ಇಷ್ಟೇ: ಮನೆ ಬಿಟ್ಟು ಹೋದ ಗೋಪಾಲಯ್ಯನ ಮಗ ಶಂಭು ನಾಳೆ ಬಂದು ನಿಂತರೆ, ಗೋಪಾಲಯ್ಯ ನೆಲೆ ಕೊಟ್ಟ ನಾರಾಯಣ ಬೆವರು ಸುರಿಸಿದ ತೋಟ ಯಾರದ್ದು? ಅದುವರೆಗೆ ಬಾಯಿ ತೆರೆಯದ ಹಿರಿಯ ಕೃಷಿಕರೊಬ್ಬರು ಅರ್ಧ ಗಂಟೆ ಮಾತಾಡಿದರು. ಅವರ ಮಗ ಬೆಂಗಳೂರಿನಲ್ಲಿ, ತೋಟ ನೋಡಿಕೊಳ್ಳುವವನು ತಂಗಿಯ ಮಗ. ‘ಗೋಪಾಲಯ್ಯನಿಗೂ ನನಗೂ ರಾತ್ರಿ ನಿದ್ದೆ ಕೆಡಿಸುವುದು ಒಂದೇ ಸಂಗತಿ ಮಾರಾಯ್ರೇ’ ಎಂದರು. ಹಿಂದೆ ಕೂತಿದ್ದ ಅವರ ಹೆಂಡತಿ ಗೋಪಾಲಯ್ಯನ ಹೆಂಡತಿಯ ಮಾತೆತ್ತಿ ಕೇಳಿದರು: ‘ಶಂಕರಮ್ಮನ ಹತ್ತಿರ ಯಾರಾದರೂ ಕೇಳಿದ್ದಾರಾ?’ ಆ ದಿನ ನಾವು ಎದ್ದಾಗ ದೀಪ ಹಚ್ಚುವ ಹೊತ್ತು ದಾಟಿತ್ತು.

ಒಂದು ಎಚ್ಚರಿಕೆ. ಮನೆಕಥೆಗೆ ಹಗ್ಗ ಬಿಟ್ಟರೆ ಕೂಟ ಪಂಚಾಯತಿಕೆಯಾಗುತ್ತದೆ. ತಮ್ಮ ಕಥೆ ತೆಗೆದವರು ಪುಸ್ತಕದ ಒಂದು ಪುಟ ತೋರಿಸಿಯೇ ಮುಗಿಸಬೇಕು. ಮಾತು ಉದ್ದವಾದರೆ ಯಾರಾದರೊಬ್ಬರು ‘ಪುಟ ಎಷ್ಟು?’ ಎಂದು ಕೂಗುತ್ತಾರೆ.

ಜಗಲಿ ಎಲ್ಲ ಪುಸ್ತಕಕ್ಕೂ ಆಗುವುದಿಲ್ಲ. ‘ಚೋಮನ ದುಡಿ’ ಸ್ವಂತ ಬೇಸಾಯಕ್ಕೆ ಹಂಬಲಿಸುವ ದಲಿತ ಜೀತದಾಳಿನ ಕಥೆ. ಅದನ್ನು ಓದಿದ ದಿನ, ಜಗಲಿಯಿದ್ದ ಅದೇ ಮನೆಯ ತೋಟದಲ್ಲಿ ದುಡಿಯುವವರು ಮೆಟ್ಟಿಲ ಮೇಲೆ ಕೂತು ಸುಮ್ಮನೆ ಕೇಳಿ ಎದ್ದುಹೋದರು. ಮುಂದಿನ ತಿಂಗಳು ಅದನ್ನೇ ಊರಿನ ಗ್ರಂಥಾಲಯದ ಕೋಣೆಯಲ್ಲಿಟ್ಟೆವು. ಅಲ್ಲಿ ಒಬ್ಬ ಯುವಕ ಎದ್ದು ನಿಂತ. ಕೇರಳದಲ್ಲಿ 1970ರಲ್ಲಿ ಗೇಣಿ ಪದ್ಧತಿ ಹೋಯಿತು, ಇನ್ನೊಬ್ಬರ ಜಾಗದಲ್ಲಿ ಗುಡಿಸಲು ಹಾಕಿಕೊಂಡಿದ್ದವರಿಗೆ ಪಂಚಾಯತ್ ಪ್ರದೇಶದಲ್ಲಿ 10 ಸೆಂಟ್ಸ್‌ವರೆಗೆ, ಎಂದರೆ ಎಕರೆಯ ಹತ್ತನೇ ಒಂದು ಭಾಗದವರೆಗೆ, ಹಕ್ಕು ಬಂತು ಎಂದ. ‘ನಮ್ಮ ಅಜ್ಜನಿಗೂ ಸಿಕ್ಕಿತು. ಆದರೆ ಚೋಮನಿಗೆ ಬೇಕಾದದ್ದು ಬೇಸಾಯದ ಗದ್ದೆ. ಹತ್ತು ಸೆಂಟ್ಸಿನಲ್ಲಿ ಮನೆ ಕಟ್ಟಿದ ಮೇಲೆ ಅವನು ಎತ್ತು ಹೂಡುವುದೆಲ್ಲಿ?’ 1933ರ ಕಾದಂಬರಿಯ ಬಗ್ಗೆ ಇಂಥ ಪ್ರಶ್ನೆಯನ್ನು ನಾನು ಯಾವ ವಿಚಾರಸಂಕಿರಣದಲ್ಲೂ ಕೇಳಿಲ್ಲ.

ಬೇರೆ ಪ್ರಯೋಗಗಳೂ ಆದವು. ‘ಅಳಿದ ಮೇಲೆ’ ಓದುವಾಗ, ತೀರಿಕೊಂಡ ಯಶವಂತರಾಯರ ಹಣವನ್ನು ಯಾರಿಗೆ ಎಷ್ಟು ಕೊಡುತ್ತೀರಿ ಎಂದು ಹೆಸರಿಲ್ಲದ ಚೀಟಿ ಬರೆಸಿದೆ. ಒಬ್ಬರು ‘ವಕೀಲರಿಗೆ’ ಎಂದು ಬರೆದಿದ್ದರು! ಮೂಕಜ್ಜಿಯನ್ನು ಹೆಂಗಸರಷ್ಟೇ ಕೂತು ಓದಿದರು, ಗಂಡಸರು ಅಂಗಳದಲ್ಲಿ ಅಡಕೆ ಸುಲಿದೆವು. ಒಳಗಿನ ನಗು ಕೇಳುತ್ತಿತ್ತು, ಮಾತು ಮಾತ್ರ ಇನ್ನೂ ಹೊರಗೆ ಬಂದಿಲ್ಲ. ಓದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕಳಿಸಿದ್ದು ನಡೆಯಲಿಲ್ಲ; ಕೇಳಿದವರು ಬರುವುದನ್ನೇ ನಿಲ್ಲಿಸಿದರು.

ಈಗ ತಿಂಗಳಿಗೆ ಮುನ್ನೂರು, ಮುನ್ನೂರೈವತ್ತು ಖರ್ಚು, ಅದೂ ಹೆಚ್ಚಾಗಿ ಹಾಲು, ಸಕ್ಕರೆಗೆ. ಅವಲಕ್ಕಿ ಆ ಮನೆಯವರದ್ದು. ಓದನ್ನು ಯಾವ ಸಾಲಿಗೆ ನಿಲ್ಲಿಸಬೇಕು, ಮೊದಲ ಮಾತು ಯಾರಿಂದ ತೆಗೆಸಬೇಕು ಎಂಬುದರಲ್ಲೇ ಅರ್ಧ ಗುಟ್ಟಿದೆ. ಅದನ್ನು ಬರೆಯುವುದಿಲ್ಲ, ಬಂದು ಕೂತು ನೋಡಿ.

ದಿನ ಗೊತ್ತುಮಾಡುವಾಗ ಮಾತ್ರ ಪಂಚಾಂಗಕ್ಕಿಂತ ಮೋಡ ನೋಡಿ. ಮಳೆ ಎರಡು ದಿನ ಬಿಡುವು ಕೊಟ್ಟರೆ ಎಲ್ಲರೂ ಅಡಕೆಯ ಕೊಳೆರೋಗಕ್ಕೆ ಮದ್ದು ಬಿಡಿಸಲು ಹೋಗುತ್ತಾರೆ, ಕಾರಂತರೇ ಬಂದರೂ ಆ ಭಾನುವಾರ ಒಬ್ಬನೂ ಸಿಗುವುದಿಲ್ಲ.