ಅಳತೆ ಹಿಡಿದು ಬಿಗಿದ ಎಂಟು ರಾಡ್ ಬೋಲ್ಟು: ನನ್ನ ಅನುಭವ

ಕಳೆದ ತಿಂಗಳು ನಾನು ಕಟ್ಟಿದ ಒಂದು ಬಿಳಿ ಜಿಪ್ಸಿಯ ಚೇಂಬರ್, ಅಂದರೆ ಎಂಜಿನ್ನಿನ ಅಡಿಯ ಆಯಿಲ್ ತಟ್ಟೆ, ಮತ್ತೆ ಇಳಿಸಿದೆ. ಕಟ್ಟಿ ಎರಡು ಮಳೆಗಾಲ ಕಳೆದಿತ್ತು. ಗಾಡಿಯ ಭಟ್ರು ಬದಿಯಡ್ಕದಿಂದ ಒಳಗೆ ತೋಟ ಇರುವವರು. ಅವರ ಮಗ ಆಟೋಕ್ರಾಸ್ (ಮಣ್ಣಿನ ಟ್ರ್ಯಾಕಿನ ಕಾರ್ ರೇಸ್) ಎಲ್ಲಿದ್ದರೂ ಇದೇ ಗಾಡಿ ಓಡಿಸಿಕೊಂಡು ಹೋಗುತ್ತಾನೆ. ಏಳು ಸಾವಿರ ಆರ್‌ಪಿಎಂ ದಾಟಿಸದಿದ್ದರೆ ಅವನಿಗೆ ಅನ್ನ ಸೇರುವುದಿಲ್ಲ. ಪಿಸ್ಟನ್ನಿನ ರಾಡನ್ನು ಕ್ರ್ಯಾಂಕಿಗೆ, ಅಂದರೆ ಎಂಜಿನ್ನಿನ ತಿರುಗುವ ದಂಡಕ್ಕೆ, ಹಿಡಿದಿಡುವ ಎಂಟೂ ರಾಡ್ ಬೋಲ್ಟ್ ಸಡಿಲಿಸಿ ಮೈಕ್ರೋಮೀಟರ್ ಹಿಡಿದೆ. ಡೈರಿಯಲ್ಲಿ ಬರೆದಿಟ್ಟ ಉದ್ದಕ್ಕೂ ಈಗಿನ ಉದ್ದಕ್ಕೂ ಒಂದು ಗೆರೆ ವ್ಯತ್ಯಾಸ ಇಲ್ಲ. ಗೆರೆ ಅಂದರೆ ಮಿಲಿಮೀಟರಿನ ನೂರರಲ್ಲಿ ಒಂದು ಪಾಲು. ರಾಡಿಗೂ ಕ್ರ್ಯಾಂಕಿಗೂ ನಡುವೆ ಕೂರುವ ಬೇರಿಂಗ್ ಶೆಲ್‌ಗಳು ಬೂದು ಬಣ್ಣದಲ್ಲಿ ಹಾಗೇ ಇವೆ. ಫೋಟೋ ತೆಗೆದು ನನ್ನನ್ನು 'ಟೈಲರ್' ಅಂತ ಕರೆಯುವ ಎಲ್ಲರಿಗೂ ಕಳಿಸಿದೆ. ಒಬ್ಬರೂ ಉತ್ತರ ಕೊಡಲಿಲ್ಲ.

ಟೈಲರ್ ಅಂತ ಯಾಕೆ ಕರೆಯುತ್ತಾರೆ ಅಂದರೆ, ನಟ್ ಬಿಗಿಯುವ ಮೊದಲು ನಾನು ಬೋಲ್ಟಿನ ಅಳತೆ ತೆಗೆದುಕೊಳ್ಳುತ್ತೇನೆ. ಬಿಗಿದ ಮೇಲೆ ಮತ್ತೆ ಅಳೆಯುತ್ತೇನೆ. ಎಷ್ಟು ಹಿಗ್ಗಿತು ಅಂತ ನೋಡುತ್ತೇನೆ. ಅಷ್ಟೇ ವಿಷಯ. ಆದರೆ ಇಲ್ಲಿಗೆ ಬರಲಿಕ್ಕೆ ಎರಡು ಎಂಜಿನ್ ಹೋಗಿದೆ.

ನಾನು ಕೆಲಸ ಕಲಿತದ್ದು ಪುತ್ತೂರಿನಲ್ಲಿ. ನಮ್ಮ ಗುರುಗಳು ಜೀಪು, ಅಂಬಾಸಿಡರ್ ಕಟ್ಟಿಯೇ ತಲೆ ನರೆತವರು. ಟಾರ್ಕ್ ರೆಂಚ್, ಅಂದರೆ ಸೆಟ್ ಮಾಡಿದಷ್ಟು ಬಿಗಿಯಾದಾಗ ಕ್ಲಿಕ್ ಅನ್ನುವ ಸ್ಪ್ಯಾನರ್, ಪೆಟ್ಟಿಗೆಯಲ್ಲೇ ಇರುತ್ತಿತ್ತು. "ಮಣಿಕಟ್ಟು ಹೇಳ್ತದೆ ಮಾರಾಯ" ಅನ್ನುತ್ತಿದ್ದರು. ಅವರ ರಾಡ್ ಒಂದೂ ತುಂಡಾಗಲಿಲ್ಲ, ಸುಳ್ಳು ಹೇಳಬಾರದು. ಆದರೆ ಆ ಡೀಸೆಲ್ ಜೀಪುಗಳು ಎಷ್ಟು ತಿರುಗುತ್ತಿದ್ದವು? ಆರ್‌ಪಿಎಂ ಎರಡು ಪಟ್ಟಾದರೆ ಬೋಲ್ಟಿನ ಮೇಲಿನ ಎಳೆತ ನಾಲ್ಕು ಪಟ್ಟು. ಜಿಪ್ಸಿಯ 1298 ಸಿಸಿ ಎಂಜಿನ್ನನ್ನು ಏಳು ಸಾವಿರಕ್ಕೆ ಹಾಕಿದರೆ, ಪಿಸ್ಟನ್ ಮೇಲೆ ಹೋಗಿ ತಿರುಗುವ ಪ್ರತಿ ಸಲವೂ ರಾಡಿನ ಮೇಲೆ ಒಂದು ಟನ್ನಿಗಿಂತ ಜಾಸ್ತಿ ಎಳೆತ ಬೀಳುತ್ತದೆ. ಮಣಿಕಟ್ಟಿಗೆ ಇದು ಗೊತ್ತಾಗುವುದಿಲ್ಲ.

ಮೊದಲನೇ ಎಂಜಿನ್ ಹೋದದ್ದು ಹೀಗೆ. ಹಳೇ ಬೋಲ್ಟನ್ನೇ ಹಾಕಿದ್ದೆ. ಪುಸ್ತಕದಲ್ಲಿ 35 ನ್ಯೂಟನ್ ಮೀಟರ್ ಅಂತ ಇದೆ, ಅದಕ್ಕೇ ಸೆಟ್ ಮಾಡಿ ಕ್ಲಿಕ್ ಅನ್ನಿಸಿದ್ದೆ. ಮೂರನೇ ದಿನ ಮೂರನೇ ರಾಡ್ ಬ್ಲಾಕ್ ಒಡೆದು ಹೊರಗೆ ಬಂತು. ಸೆಕೆಂಡ್ ಹ್ಯಾಂಡ್ ಬ್ಲಾಕು, ಕ್ರ್ಯಾಂಕು, ಎಲ್ಲ ಸೇರಿ ನಲವತ್ತು ಸಾವಿರದ ಹತ್ತಿರ. ಅರ್ಧ ನಾನು ಹಾಕಿದೆ. ಭಟ್ರು ಬೈಯಲಿಲ್ಲ. ಬೈದಿದ್ದರೇ ವಾಸಿ ಇತ್ತು.

ತಪ್ಪು ಎಲ್ಲಿ ಅಂತ ಹುಡುಕುವಾಗ ಮೊದಲು ಅನುಮಾನ ಬಂದದ್ದು ರೆಂಚಿನ ಮೇಲೆ. ಪರೀಕ್ಷೆ ಮಾಡಿಸಲು ಮಂಗಳೂರಿಗೆ ಹೋಗಬೇಕು, ಒಂದು ದಿನದ ಕೆಲಸ ಹಾಳು. ಪಕ್ಕದ ಅಡಿಕೆ ಅಂಗಡಿಯಿಂದ ತೂಕದ ಕಲ್ಲು ತಂದೆ. ರೆಂಚಿನ ಚೌಕದ ತುದಿಯನ್ನು ವೈಸಿನಲ್ಲಿ ಹಿಡಿಸಿ, ಹಿಡಿಕೆ ನೆಲಕ್ಕೆ ಸಮ ಇಟ್ಟು, 36 ಸೆಂಟಿಮೀಟರ್ ದೂರದಲ್ಲಿ ಕಲ್ಲು ನೇತು ಹಾಕಿದೆ. ಹತ್ತು ಕೆಜಿಗೆ ಸುಮಾರು 35 ಬರಬೇಕು. ನನ್ನ ರೆಂಚ್ ಎಂಟು ಕೆಜಿಗೇ ಕ್ಲಿಕ್ ಅಂದಿತು! ರೆಂಚಿನ ಸ್ವಂತ ಭಾರ ಸೇರಿಸಿದರೂ ಮೂವತ್ತು ದಾಟುವುದಿಲ್ಲ. ನಾಲ್ಕು ವರ್ಷ ಅದರ ಸ್ಪ್ರಿಂಗ್ ಸಡಿಲಿಸದೆ ಡ್ರಾಯರಿನಲ್ಲಿ ಬಿಸಾಡಿದ್ದೆ. ಅದಕ್ಕೆ ಮಾಡಿದ್ದನ್ನು ಅದು ನನಗೆ ಮಾಡಿತು.

ಎರಡನೇ ಸಲ ಹೊಸ ರೆಂಚು. ಹೊರಗಿನಿಂದ ತರಿಸಿದ ಬೋಲ್ಟು, ಎಂಟಕ್ಕೆ ಹತ್ತು ಸಾವಿರದ ಹತ್ತಿರ. ಜತೆಗೆ ಮಾಲಿ ಪೇಸ್ಟಿನ (ಥ್ರೆಡ್ಡಿಗೆ ಹಚ್ಚುವ ಜಾರಿಕೆಯ ಪೇಸ್ಟ್) ಒಂದು ಪುಟ್ಟ ಪ್ಯಾಕೆಟ್. ಹಳೇ ಬೋಲ್ಟನ್ನು ಪ್ರೆಸ್ಸಿನಲ್ಲಿ ತೆಗೆದು ಹೊಸದನ್ನು ಕೂರಿಸಿದೆ, ಬಿಗಿದೆ, ಕೊಟ್ಟೆ. ಮುನ್ನೂರು ಕಿಲೋಮೀಟರ್ ಓಡಲಿಲ್ಲ, ಸೀತಾಂಗೋಳಿ ಹತ್ತಿರ ಟಕಟಕ ಶುರು. ಶೆಲ್ ತಿರುಗಿ ಸುಟ್ಟು ಕಪ್ಪಾಗಿತ್ತು. ಈ ಸಲ ಬೋಲ್ಟಿನದೇನೂ ತಪ್ಪಿಲ್ಲ. ಬೋಲ್ಟ್ ಬದಲಿಸಿದರೆ ರಾಡಿನ ಅಡಿಯ ಅರ್ಧ, ಅಂದರೆ ಕ್ಯಾಪ್, ಕೂರುವ ಜಾಗ ಕೂದಲೆಳೆಯಷ್ಟು ಸರಿಯುತ್ತದೆ, ಕ್ರ್ಯಾಂಕನ್ನು ಹಿಡಿಯುವ ದೊಡ್ಡ ತೂತು, ಬಿಗ್ ಎಂಡ್, ದುಂಡಗೆ ಉಳಿಯುವುದಿಲ್ಲ. ಲೇತಿನವರು ನಟ್ ಪೂರ್ತಿ ಬಿಗಿದು ತೂತಿನ ಒಳ ಅಳತೆಯ ಬೋರ್ ಗೇಜ್ ಹಾಕಿದಾಗ ನಾಲ್ಕು ಗೆರೆ ಮೊಟ್ಟೆಯಾಕಾರ. ಕ್ರ್ಯಾಂಕ್ ಗ್ರೈಂಡಿಂಗ್, ಅಂಡರ್‌ಸೈಝ್ ಶೆಲ್, ರಾಡ್ ಹೋನಿಂಗ್ (ತೂತಿನ ಒಳಗೆ ಉಜ್ಜಿ ದುಂಡಗೆ ಮಾಡುವುದು), ಹನ್ನೊಂದೋ ಹನ್ನೆರಡೋ ಸಾವಿರ. ಈಗ ಬೋಲ್ಟ್ ಬದಲಿಸಿದ ಯಾವ ರಾಡನ್ನೂ ಹೋನ್ ಮಾಡಿಸದೆ ಮುಟ್ಟುವುದಿಲ್ಲ. ಗಿರಾಕಿ ಬೇಡ ಅಂದರೆ ಗಾಡಿಯನ್ನೇ ವಾಪಸ್ ಕಳಿಸುತ್ತೇನೆ.

ಬೋಲ್ಟಿನ ಜತೆ ಬಂದ ಚೀಟಿಯನ್ನು ನಾನು ಓದಿದ್ದು ಆಮೇಲೆ. ಅದರಲ್ಲಿ ಟಾರ್ಕಿಗಿಂತ ಮೇಲೆ ಬರೆದದ್ದು ಹಿಗ್ಗುವ ಲೆಕ್ಕ. ಐದೂವರೆ ಥೌ (ಇಂಚಿನ ಸಾವಿರದಲ್ಲಿ ಒಂದು ಪಾಲು ಒಂದು ಥೌ), ನಮ್ಮ ಲೆಕ್ಕದಲ್ಲಿ 14 ಗೆರೆ. ಮಂಗಳೂರಿನಿಂದ ಹಳೇ ಮಿಟುಟೊಯೊ ಮೈಕ್ರೋಮೀಟರ್ ತಂದೆ, ಸಾವಿರದ ಇನ್ನೂರು. ಎಂಟು ಬೋಲ್ಟಿಗೂ ನಂಬರ್ ಹಾಕಿ, ಒಂದೇ ರೆಂಚಿನಲ್ಲಿ ಒಂದೇ ಟಾರ್ಕಿಗೆ ಬಿಗಿದು ಅಳೆದೆ. ಒಂದು ಬೋಲ್ಟ್ 10 ಗೆರೆ ಹಿಗ್ಗಿದೆ, ಇನ್ನೊಂದು 14! ಕ್ಲಿಕ್ ಮಾತ್ರ ಎಂಟರದ್ದೂ ಒಂದೇ ಥರ. ನಾವು ಹಾಕುವ ಬಲದಲ್ಲಿ ಹತ್ತರಲ್ಲಿ ಒಂಬತ್ತು ಪಾಲನ್ನು ನಟ್ಟಿನ ಅಡಿಯ ಮತ್ತು ಥ್ರೆಡ್ಡಿನ ತಿಕ್ಕಾಟವೇ ತಿನ್ನುತ್ತದೆ. ಉಳಿದ ಚೂರು ಮಾತ್ರ ಬೋಲ್ಟಿಗೆ ಸಿಗುತ್ತದೆ.

ಆಮೇಲೆ ನಾನು ಮಾಡುವುದು ಇಷ್ಟು. ಕ್ಯಾಪಿನ ಕಡೆಯನ್ನು ವೈಸಿನಲ್ಲಿ ಅಡಿಕೆ ಮರದ ಎರಡು ತುಂಡಿನ ನಡುವೆ ಹಿಡಿಸುತ್ತೇನೆ. ರಾಡಿನ ನಡುವನ್ನು ಹಿಡಿದರೆ ತಿರುಚುತ್ತದೆ. ಪೇಸ್ಟ್ ಹಾಕಿ ಬಿಗಿಯುವುದು, ಸಡಿಲಿಸುವುದು, ಮತ್ತೆ ಬಿಗಿಯುವುದು, ಹೀಗೆ ನಾಲ್ಕೈದು ಸಲ. ಥ್ರೆಡ್ ನಯವಾಗಿ ಎಂಟೂ ಹತ್ತಿರ ಹತ್ತಿರ ಬರುತ್ತವೆ. ಕಡೆಗೆ 14 ಗೆರೆ ಬರುವ ತನಕ ಬಿಗಿಯುತ್ತೇನೆ. 13ರಿಂದ 15ರ ಒಳಗೆ ನನಗೆ ಒಪ್ಪಿಗೆ. ದಾಟಿ ಹೋದರೆ ಸ್ವಲ್ಪ ಹಿಂದೆ ತಿರುಗಿಸಿ ಸರಿ ಮಾಡಲು ಹೋಗಬೇಡಿ, ಪೂರ್ತಿ ಸಡಿಲಿಸಿ ಮೊದಲಿನಿಂದ. ಎಂಜಿನ್ನಿನ ಒಳಗೂ ಹೀಗೇ ಅಳೆಯಬೇಕು. ಅಲ್ಲಿ ಮೈಕ್ರೋಮೀಟರಿನ ಬೆನ್ನು ಕ್ರ್ಯಾಂಕಿಗೆ ತಾಗುತ್ತದೆ, ಅದಕ್ಕೇ ನನ್ನದರ ಬೆನ್ನನ್ನು ಸ್ವಲ್ಪ ಗ್ರೈಂಡ್ ಮಾಡಿದ್ದೇನೆ. ಹಳೇದು ತಂದದ್ದು ಅದಕ್ಕೇ.

ಮೈಕ್ರೋಮೀಟರಿನ ತುದಿ ಪ್ರತಿ ಸಲ ಬೋಲ್ಟಿನ ಒಂದೇ ಬಿಂದುವಿನ ಮೇಲೆ ಕೂರಬೇಕು, ಇಲ್ಲದಿದ್ದರೆ ಎರಡು ಮೂರು ಗೆರೆ ಸುಮ್ನೆ ಹೆಚ್ಚು ಕಡಿಮೆ ಬರುತ್ತದೆ. ಅದಕ್ಕೆ ನಾನೊಂದು ಉಪಾಯ ಮಾಡಿದ್ದೇನೆ, ಇಲ್ಲಿ ಹೇಳುವುದಿಲ್ಲ. ಸೈಕಲ್ ಅಂಗಡಿಗೆ ಹೋಗಿ ಯೋಚನೆ ಮಾಡಿ, ಅರ್ಧ ಸಿಗುತ್ತದೆ.

ಹಳೇ ಬೋಲ್ಟುಗಳು ಡಬ್ಬದಲ್ಲಿ ಇದ್ದವಲ್ಲ, ಒಂದು ಮಳೆಯ ದಿನ ಕರೆಂಟೂ ಇರಲಿಲ್ಲ, ಆಟ ಶುರು ಮಾಡಿದೆ. ಒಂದೇ ರಾಡು, 35 ಟಾರ್ಕು. ಬ್ರೇಕ್ ಕ್ಲೀನರಿನಲ್ಲಿ ತೊಳೆದು ಒಣ ಥ್ರೆಡ್ಡಿಗೆ ಬಿಗಿದರೆ ಏಳೆಂಟು ಗೆರೆ. ಎಂಜಿನ್ ಆಯಿಲ್ ಹಾಕಿದರೆ ಹನ್ನೊಂದು. ಮಾಲಿ ಪೇಸ್ಟಿಗೆ ಹದಿನಾಲ್ಕು. ಪುಸ್ತಕದ ಟಾರ್ಕನ್ನು ಕಣ್ಣು ಮುಚ್ಚಿ ಮಾಲಿಗೆ ಹಾಕುವವರು ಇದನ್ನು ನೋಡಬೇಕು. ಮನೆಯಿಂದ ತೆಂಗಿನೆಣ್ಣೆಯನ್ನೂ ತಂದು ನೋಡಿದೆ. ಹತ್ತರ ಹತ್ತಿರ ಬಂತು, ಪರವಾಗಿಲ್ಲ! ಆದರೆ ಧನು ತಿಂಗಳ ಬೆಳಗ್ಗೆ ಬಾಟಲಿಯಲ್ಲೇ ಗಟ್ಟಿಯಾಗುವ ಎಣ್ಣೆ ಅದು, ಎಂಜಿನ್ನಿಗೆ ನಂಬಲಿಕ್ಕಿಲ್ಲ. ಅಂಗೈಯಲ್ಲಿ ಹಿಡಿದುಕೊಂಡ ಬೋಲ್ಟ್ ಅರ್ಧ ಗೆರೆ ಉದ್ದ ಬರುತ್ತದೆ ಅಂತಲೂ ಅವತ್ತೇ ಗೊತ್ತಾದದ್ದು. ಈಗ ರಾಡು, ಬೋಲ್ಟು, ಮೈಕ್ರೋಮೀಟರ್ ಮೂರನ್ನೂ ಹಿಂದಿನ ರಾತ್ರಿಯೇ ಒಂದೇ ಮೇಜಿನ ಮೇಲೆ ಇಡುತ್ತೇನೆ.

ಒಂದು ಬೋಲ್ಟನ್ನು ಬೇಕೆಂದೇ ಕೊಂದೆ. ಬಿಗಿಯುತ್ತಾ ಹೋದೆ. ಒಂದು ಹಂತದಲ್ಲಿ ರೆಂಚಿಗೆ ಭಾರ ಏರುವುದು ನಿಂತಿತು, ಗೆರೆ ಮಾತ್ರ ಏರುತ್ತಲೇ ಇತ್ತು. ಬೆಂದ ಗೆಣಸು ತಿರುಚಿದ ಹಾಗೆ. ಬಿಚ್ಚಿದಾಗ ಇಪ್ಪತ್ತು ಗೆರೆ ಉದ್ದವಾಗಿಯೇ ಉಳಿದಿತ್ತು. ಬಿಚ್ಚಿದ ಮೇಲೆ ಎರಡೂವರೆ ಗೆರೆ ಉದ್ದವಾಗಿ ಉಳಿದರೇ ಸಾಕು, ನಾನು ಬೋಲ್ಟ್ ಬಿಸಾಡುತ್ತೇನೆ. ಡಿಗ್ರಿ ಲೆಕ್ಕದಲ್ಲಿ ತಿರುಗಿಸುವ ಹೊಸ ಎಂಜಿನ್ನುಗಳ ಬೋಲ್ಟ್ ಬೇರೆ ಜಾತಿ, ಅದಕ್ಕೆ ನನ್ನ ಲೆಕ್ಕ ಹಾಕಬೇಡಿ.

ಮೊದಲ ಸಲ ಎಂಟು ಬೋಲ್ಟಿಗೆ ಒಂದೂವರೆ ದಿನ ಹಿಡಿಯಿತು. ಈಗ ಮೂರು ಗಂಟೆ. ಎರಡು ಸಾವಿರ ಜಾಸ್ತಿ ತೆಗೆದುಕೊಳ್ಳುತ್ತೇನೆ. "ಎಂಟು ನಟ್ ಟೈಟ್ ಮಾಡಲಿಕ್ಕೆ ಎರಡು ಸಾವಿರವಾ?" ಅಂತ ಕೇಳುವವರಿಗೆ ಆ ಒಡೆದ ಬ್ಲಾಕ್ ತೋರಿಸುತ್ತೇನೆ. ಬಾಗಿಲ ಪಕ್ಕದಲ್ಲೇ ಇಟ್ಟಿದ್ದೇನೆ, ತೂತಿನಲ್ಲಿ ಕೈ ಹಾಕಿ ನೋಡಬಹುದು.

ಮೊನ್ನೆ ಟೈಲರ್ ಹೆಸರು ಇಟ್ಟವರೇ ಪೆರ್ಲದಿಂದ ನಾಲ್ಕು ರಾಡ್ ಕಳಿಸಿದ್ದಾರೆ, ಹಳೇ ಎಸ್ಟೀಮ್ ಕಾರಿನದು. ಹೇಳಿ ಕಳಿಸಿದ್ದು ಬರೀ "ಒಮ್ಮೆ ನೋಡಿ" ಅಂತ. ನೋಡಿದೆ. ಒಂದು ಬೋಲ್ಟ್ ಉಳಿದ ಏಳಕ್ಕಿಂತ ಆರು ಗೆರೆ ಉದ್ದ ಉಂಟು. ಅದಕ್ಕೆ ಕೆಂಪು ದಾರ ಕಟ್ಟಿ ಇಟ್ಟಿದ್ದೇನೆ. ಅವರೇ ಬಂದು ಅಳೆಯಲಿ.